ಎರಡು ತಂತಿಯೋ, ಮೂರು ತಂತಿಯೋ?

ಹಾನಗಲ್ಲಿನ ಓದುಗರಿಗೆ,

ನಿಮ್ಮ ತಂದೆಯವರದು ರಕ್ತನಾಳದ ಬ್ಲಾಕ್ ಅಲ್ಲ, ಬಡಿತದ ವಿದ್ಯುತ್ ಸಂಕೇತ ಹೃದಯದ ಕೆಳಕೋಣೆಗಳಿಗೆ (ಹೃತ್ಕುಕ್ಷಿ) ಇಳಿಯದ ಹಾರ್ಟ್ ಬ್ಲಾಕ್. ಸ್ಟೆಂಟ್‌ನಿಂದ ಹೋಗದು, ಪೇಸ್‌ಮೇಕರ್ ಬೇಕೇ ಬೇಕು.

ಎರಡು ತಂತಿಯ ಸಾಮಾನ್ಯ ಪೇಸ್‌ಮೇಕರ್ ಬಲ ಹೃತ್ಕುಕ್ಷಿಯನ್ನು ಮೊದಲು ಮಿಡಿಸುತ್ತದೆ, ಎಡದ್ದು ತಡವಾಗಿ ಕುಗ್ಗುತ್ತದೆ. ಜೋಡೆತ್ತಿನಲ್ಲಿ ಒಂದು ಮುಂದೆ, ಒಂದು ಹಿಂದೆ ಎಳೆದಂತೆ. ನಿಮ್ಮ ತಂದೆಯವರಂತೆ ಪಂಪಿಂಗ್ ಸಾಮರ್ಥ್ಯ (ಇಎಫ್) ಶೇ 40ಕ್ಕಿಳಿದ ಹೃದಯಕ್ಕೆ ಇದು ಹೊರೆ. ಪಂಪಿಂಗ್ ಶೇ 50 ಮೀರದ ಇಂಥ ರೋಗಿಗಳಲ್ಲಿ ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಮಿಡಿಸುವುದೇ ಮೇಲೆಂದು 2013ರ ಬ್ಲಾಕ್-ಎಚ್‌ಎಫ್ ಅಧ್ಯಯನ ತೋರಿಸಿತು. ವೈದ್ಯರು ಹೇಳಿದ ಮೂರು ತಂತಿಯ ಸಿಆರ್‌ಟಿ ಇದೇ. ದುಬಾರಿ, ನಿಜ. ಆದರೂ ನನ್ನ ಮತ ಅದಕ್ಕೇ. ಹೃದಯದ ಸಹಜ ವಿದ್ಯುತ್ ಹಾದಿಯ ಮೂಲಕವೇ ಮಿಡಿಸುವ ಎಡ ಬಂಡಲ್ ಪೇಸಿಂಗ್ ಆಗುವುದೇ ಎಂದೂ ಕೇಳಿ.

ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗುವಾಗ ಬಿಪಿಎಲ್ ಕಾರ್ಡ್, ಆಧಾರ್ ಒಯ್ಯಿರಿ. ಆಯುಷ್ಮಾನ್ ಯೋಜನೆಯ ನೆರವಿನ ಬಗ್ಗೆ ಮೊದಲೇ ವಿಚಾರಿಸಿ. ತಲೆಸುತ್ತಿ ಬಿದ್ದರೆ ಬೆಳಗಾಗಲಿ ಎನ್ನದೆ ಕೂಡಲೇ 108ಕ್ಕೆ ಕರೆ ಮಾಡಿ.