ಮಗಳು ಷಿಕಾಗೊದ ಗ್ಯಾಂಗ್ ಗಲಾಟೆಯ ನಡುವೆ, ನನಗಿಲ್ಲಿ ನಿದ್ದೆಯಿಲ್ಲ

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ, ಷಿಕಾಗೊದಲ್ಲಿ ಮತ್ತೆ ಓದಿ, ಆರು ತಿಂಗಳಿಂದ ಅಲ್ಲೇ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಳೆ. ಗ್ಯಾಂಗ್‌ಗಳಲ್ಲಿ ಸಿಕ್ಕಿಕೊಂಡ ಹುಡುಗರ ಜೊತೆ ಕೆಲಸವಂತೆ. ಈಗ, ಯಾರಿಗಾದರೂ ಗುಂಡೇಟು ಬಿದ್ದಾಗ ಆಸ್ಪತ್ರೆಗೆ ಹೋಗಿ ಏನು ಮಾಡಬೇಕು ಅಂತ ತರಬೇತಿ ನಡೀತಿದೆಯಂತೆ. ಕೇಳಿದರೆ ‘ಅದೆಲ್ಲ ಹೇಳೋ ಹಾಗಿಲ್ಲಮ್ಮ’ ಅಂತ ಮಾತು ಮುಗಿಸುತ್ತಾಳೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯಿತು ಎಂದು ಅವರಪ್ಪ ಕೂಗಾಡುತ್ತಾರೆ. ಹಠ ಮಾಡಿ ವಾಪಸ್ ಕರೆಸಿಕೊಳ್ಳಲೇ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಭಯ ಸುಳ್ಳಲ್ಲ. ‘ಏನೂ ಆಗಲ್ಲ ಬಿಡಿ’ ಎಂದು ಬರೆದರೆ ನಿಮಗೆ ಮೋಸ ಮಾಡಿದಂತೆ. ಷಿಕಾಗೊದಲ್ಲಿ ಈ ಕೆಲಸಕ್ಕೆ ಬೀದಿಗಿಳಿಯುವವರನ್ನೇ ವಿಚಾರಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೆಲಸದ ಹೊತ್ತಿನಲ್ಲಿ ತಮ್ಮ ಮೇಲೇ ಗುಂಡು ಹಾರಿತ್ತು ಎಂದವರು ನೂರಕ್ಕೆ 20 ಮಂದಿ; ಗುಂಡು ತಗುಲಿ ಬದುಕಿದವರು 2. ಬೇರೆಯವರ ಮೇಲೆ ಗುಂಡು ಹಾರಿದ್ದನ್ನು ಕಣ್ಣಾರೆ ಕಂಡವರು ಮಾತ್ರ ಅರ್ಧಕ್ಕಿಂತ ಹೆಚ್ಚು. ನಿಮ್ಮ ಮಗಳ ವಿಷಯದಲ್ಲಿ ನನ್ನನ್ನು ಕಾಡುವುದು ಈ ಕೊನೆಯ ಅಂಕಿ.

ಆದರೆ ಅವಳ ಕೆಲಸ ಯಾವುದು ಎಂಬುದು ನಿಮಗೆ ಗೊತ್ತಿರಬೇಕು. ಗ್ಯಾರಿ ಸ್ಲಟ್‌ಕಿನ್ ಎಂಬ ಸಾಂಕ್ರಾಮಿಕ ರೋಗಗಳ ವೈದ್ಯರು ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ವಿರುದ್ಧ ದುಡಿದು 1990ರ ದಶಕದಲ್ಲಿ ಅಮೆರಿಕಕ್ಕೆ ಮರಳಿದಾಗ, ಕೊಲೆಗಳ ನಕಾಶೆ ರೋಗದ ನಕಾಶೆಯ ಹಾಗೇ ಕಂಡಿತು. ಒಂದು ಕಡೆ ದಟ್ಟವಾಗಿ, ಅಲ್ಲಿಂದ ಪಕ್ಕದ ಕೇರಿಗೆ ಹಬ್ಬುವಂಥದ್ದು. 2000ದಲ್ಲಿ ಷಿಕಾಗೊದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿ ಅವರ ಪ್ರಯೋಗ ಶುರುವಾಯಿತು. ಜಗಳದ ನಡುವೆ ಹೋಗಲು ಅವರು ಆರಿಸಿಕೊಂಡದ್ದು ಆ ಬೀದಿಯಲ್ಲೇ ಬೆಳೆದವರನ್ನು, ಹಲವರು ಗ್ಯಾಂಗಿನಲ್ಲಿದ್ದು ಜೈಲು ಕಂಡು ಹೊರಬಂದವರು. ಹುಡುಗರು ಕಿವಿಗೊಡುವುದು ಅಂಥವರಿಗೇ. ದಾವಣಗೆರೆಯ ಹುಡುಗಿಯನ್ನು ಆ ಜಾಗಕ್ಕೆ ಯಾವ ಒಳ್ಳೆಯ ಸಂಸ್ಥೆಯೂ ಕಳಿಸುವುದಿಲ್ಲ. ಅವಳಂಥವರ ಪಾಲಿಗೆ ಬರುವುದು ಹುಡುಗನನ್ನು ಮತ್ತೆ ಶಾಲೆಗೆ ಸೇರಿಸುವುದು, ಕೋರ್ಟಿನ ತಾರೀಖಿಗೆ ಜೊತೆಗೆ ಹೋಗುವುದು, ಮನೆಯವರ ಜೊತೆ ಕೂರುವುದು.

ಮತ್ತೆ, ಆಸ್ಪತ್ರೆ. ಗುಂಡೇಟು ತಿಂದವನು ಒಳಗೆ ಮಲಗಿರುತ್ತಾನೆ. ಹೊರಗೆ ಅವನ ತಮ್ಮ, ಗೆಳೆಯರು, ಅಳುತ್ತಿರುವ ಅಮ್ಮ. ‘ಅವನೇ ಹೊಡೆಸಿದ್ದು’ ಎಂಬ ಪುಕಾರು ಹುಟ್ಟುವುದು ಅಲ್ಲಿ, ಸೇಡು ತೀರಿಸಲು ಎದ್ದು ಹೋಗುವುದೂ ಅಲ್ಲಿಂದಲೇ. ಓಕ್‌ಲ್ಯಾಂಡ್‌ನ ‘ಯೂತ್ ಅಲೈವ್’ ಸಂಸ್ಥೆ 1994ರಲ್ಲೇ ಗಾಯಾಳುಗಳ ಹಾಸಿಗೆಯ ಬಳಿಗೆ ಕಾರ್ಯಕರ್ತರನ್ನು ಕಳಿಸತೊಡಗಿದ್ದು ಇದಕ್ಕೇ. ಇಂಥ ತರಬೇತಿಯಲ್ಲಿ ಒಬ್ಬರನ್ನು ಸಿಟ್ಟಾದ ತಮ್ಮನನ್ನಾಗಿ ನಿಲ್ಲಿಸಿ ಇನ್ನೊಬ್ಬರಿಗೆ ಮಾತಾಡಿಸಲು ಹೇಳುತ್ತಾರೆ. ಸಮಾಧಾನ ಮಾಡ್ಕೋ ಎಂದರೆ ಸಿಟ್ಟು ಇನ್ನೂ ಏರುತ್ತದೆ ಎಂಬುದು ಹಾಗೆ ಆಡಿದಾಗಲೇ ಅರ್ಥವಾಗುವುದು. ಕೈಲಾಗದ್ದಕ್ಕೆ ಮಾತು ಕೊಡಬಾರದು, ಯಾವಾಗ ಅಲ್ಲಿಂದ ಹೊರಟುಬಿಡಬೇಕು, ರಕ್ತ ನಿಲ್ಲಿಸುವುದು ಹೇಗೆ, ಇವೆಲ್ಲ ಪಾಠಗಳೇ.

ಒಂದು ಕಟ್ಟುನಿಟ್ಟಿನ ಪಾಠವೆಂದರೆ, ಈ ಕಡೆಯ ಮಾತನ್ನು ಆ ಕಡೆಗೆ ಒಯ್ಯಬಾರದು. ಒಂದು ಹೆಸರು ಬಾಯ್ತಪ್ಪಿದರೂ ಆ ಕೇರಿಯ ನಂಬಿಕೆ ಹೋಗುತ್ತದೆ, ಜೀವವೂ ಹೋಗಬಹುದು. ‘ಹೇಳೋ ಹಾಗಿಲ್ಲಮ್ಮ’ ಎಂದು ಮಗಳು ಅಂದದ್ದು ನಿಮ್ಮನ್ನು ದೂರವಿಟ್ಟು ಅಂದದ್ದಲ್ಲ. ಅದು ಅವಳ ಕೆಲಸದ ನೇಮ.

ಆದರೆ ಮೌನಕ್ಕೆ ಇನ್ನೊಂದು ಕಾರಣವೂ ಇದ್ದೀತು. ದಿನವೂ ಇನ್ನೊಬ್ಬರ ನೋವಿನ ಪಕ್ಕ ಕೂತವರಿಗೆ ಆ ನೋವು ಅಂಟಿಕೊಳ್ಳುತ್ತದೆ. ಮೂವತ್ತು ವರ್ಷದಿಂದ ಆಪ್ತಸಲಹೆಯ ಈ ಕುರ್ಚಿಯಲ್ಲಿ ಕೂತ ನಾನು ಅದನ್ನು ಪುಸ್ತಕದಿಂದ ಕಲಿತಿಲ್ಲ. ಹಾಗಾಗಿ ಕೆಲಸದ ಸುದ್ದಿ ಬಿಡಿ, ಅವಳ ಸುದ್ದಿ ಕೇಳಿ. ನಿದ್ದೆ ಬರುತ್ತಾ? ಅಡುಗೆ ಮಾಡ್ಕೋತೀಯಾ? ಗೆಳತಿಯರು ಸಿಗ್ತಾರಾ? ಪಟಾಕಿ ಸದ್ದಿಗೂ ಬೆಚ್ಚುತ್ತಾಳೆ, ಕೆಟ್ಟ ಕನಸು, ಊಟ ಸೇರುವುದಿಲ್ಲ, ಹೀಗೇ ಒಂದು ತಿಂಗಳು ದಾಟಿದರೆ ಅವಳಿಗೇ ಆಪ್ತಸಲಹೆ ಬೇಕು.

ಇನ್ನೊಂದು ದಿನ ಮೂರು ಮಾತು ಕೇಳಿ. ರಾತ್ರಿ ಕರೆ ಬಂದರೆ ಜೊತೆಗೆ ಆ ಕೇರಿಯವರು ಇರ್ತಾರಾ? ನೀನು ನೋಡಿಕೊಳ್ತಿದ್ದ ಹುಡುಗ ಸತ್ತರೆ ಮಾರನೆಯ ದಿನ ರಜೆ ಕೊಡ್ತಾರಾ? ವಾರಕ್ಕೊಮ್ಮೆ ಹಿರಿಯರ ಜೊತೆ ಕೂತು ಮನಸ್ಸು ಹಗುರ ಮಾಡಿಕೊಳ್ಳೋಕೆ ಹೊತ್ತಿದೆಯಾ? ಮೂರಕ್ಕೂ ‘ಇಲ್ಲ’ ಎಂದರೆ, ಆ ಸಂಸ್ಥೆ ಬಿಡು ಎಂದು ಗಟ್ಟಿಯಾಗಿ ಹೇಳಿ; ನಾನೂ ನಿಮ್ಮ ಪರ. ‘ಹೌದು’ ಎಂದರೆ ಹಠ ಬೇಡ. ಹಠ ಮಾಡಿದರೆ ಅವಳು ಊರಿಗೆ ಬರುವುದಿಲ್ಲ, ನಿಮಗೆ ಫೋನ್ ಮಾಡುವುದನ್ನು ಬಿಡುತ್ತಾಳೆ.

ನಿಮ್ಮ ಬೆಳಗಿನ ಕಾಫಿ ಹೊತ್ತಿಗೆ ಅಲ್ಲಿ ಹಿಂದಿನ ದಿನದ ರಾತ್ರಿ. ಬೇಸಿಗೆಯ ವಾರಾಂತ್ಯದ ರಾತ್ರಿಗಳಲ್ಲಿ ಅಲ್ಲಿ ಗುಂಡಿನ ಗಲಾಟೆ ಹೆಚ್ಚು. ಆಗ ಫೋನ್ ಎತ್ತದಿದ್ದರೆ ಹತ್ತು ಸಲ ಮಾಡಬೇಡಿ. ಪುರುಸೊತ್ತಿನ ಹೊತ್ತು ಯಾವುದೆಂದು ಅವಳನ್ನೇ ಕೇಳಿ ಗೊತ್ತುಮಾಡಿಕೊಳ್ಳಿ.

ನಿಮ್ಮ ನಿದ್ದೆಯ ವಿಷಯ ಪತ್ರದ ತಲೆಬರಹದಲ್ಲಷ್ಟೇ ಬರೆದಿದ್ದೀರಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮನಸ್ ಸಹಾಯವಾಣಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾಡುವಾಗ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಕೂಗಾಟದ ಹಿಂದಿರುವುದೂ ನಿಮ್ಮದೇ ಭಯ.