ಬಾಡಿಗೆ ಕಾರು ಮತ್ತು ಹೆಚ್ಚುವರಿ ವಿಮೆ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮ ಕುಟುಂಬಗಳು ಬೀಗರ ಮದುವೆಗೋ, ಡಿಸೆಂಬರ್ 3ರ ಹಬ್ಬಕ್ಕೆ ಹಳೆ ಗೋವಾಕ್ಕೋ ಹೊರಟಾಗ, ಹಿಂದೆ ಡ್ರೈವರ್ ಸಮೇತ ಗಾಡಿ ಗೊತ್ತುಮಾಡುತ್ತಿದ್ದವು. ಈಗ ಮನೆಯಲ್ಲೇ ಲೈಸನ್ಸ್ ಇರುವ ಮಗನೋ ಮಗಳೋ ಇದ್ದಾರೆ. ತಾವೇ ಓಡಿಸುವ ಕಾರನ್ನು ಬಾಡಿಗೆಗೆ ಪಡೆಯುತ್ತಾರೆ. ಸಹಿ ಹಾಕುವ ಹೊತ್ತಿಗೆ ಕಾರು ಕೊಡುವವರು, "ದಿನಕ್ಕೆ ಇಷ್ಟು ಹೆಚ್ಚು ಕೊಟ್ಟರೆ ಜಖಂ ಚಿಂತೆ ಬೇಡ" ಎನ್ನುತ್ತಾರೆ. "ಫಾದರ್, ಆ ರೊಕ್ಕಾ ಕೊಡೂದೋ ಬ್ಯಾಡೋ?" ಎಂದು ನನ್ನನ್ನು ಕೇಳಿದವರಿದ್ದಾರೆ. ಉತ್ತರಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

1. ಈಗಾಗಲೇ ಯಾವ ವಿಮೆ ಇದೆ?

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ, ರಸ್ತೆಗಿಳಿಯುವ ಗಾಡಿಗೆ ಮೂರನೆಯವರ ವಿಮೆ ಕಡ್ಡಾಯ. ಗಾಡಿ ತಗುಲಿ ದಾರಿಹೋಕನಿಗೆ ಪೆಟ್ಟಾದರೆ, ಜೀವ ಹೋದರೆ, ಪರಿಹಾರ ಸಿಗುವುದು ಇದರಿಂದ. ಕಾರಿಗೆ ಆದ ಜಖಮ್ಮಿಗೆ ಇದು ಸಲ್ಲದು. ಅದಕ್ಕೆ ಮಾಲೀಕರು ಬೇರೆ ವಿಮೆ ಮಾಡಿಸಿರಬೇಕು. ಮಾಲೀಕ-ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರದು, ಬಾಡಿಗೆಗೆ ಪಡೆದು ಓಡಿಸುವ ನಿಮ್ಮದಲ್ಲ.

ನಂಬರ್ ಪ್ಲೇಟನ್ನೂ ನೋಡಿರಿ. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರು ಬಿಳಿ ಪ್ಲೇಟಿನ ಸ್ವಂತ ಕಾರನ್ನು ಅಗ್ಗದ ಬಾಡಿಗೆಗೆ ಕೊಟ್ಟರೆ ಹಿಗ್ಗಬೇಡಿ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಬಳಕೆಗೆ ಅನ್ವಯಿಸುವುದಿಲ್ಲ. ಕಾರು ಜಖಂ ಆದರೆ ವಿಮಾ ಕಂಪನಿ ಕೈಯೆತ್ತಬಹುದು. ಆಗ ಮಾಲೀಕರು ನಿಮ್ಮ ಬಾಗಿಲಿಗೇ ಬರುತ್ತಾರೆ.

2. ಹೆಚ್ಚುವರಿ ಹಣಕ್ಕೆ ಸಿಗುವುದೇನು?

ಅನೇಕ ಸಲ ಅದು ವಿಮಾ ಪಾಲಿಸಿಯೇ ಅಲ್ಲ. "ಜಖಂ ಆದರೆ ನಿಮ್ಮಿಂದ ಇಷ್ಟಕ್ಕಿಂತ ಹೆಚ್ಚು ವಸೂಲು ಮಾಡುವುದಿಲ್ಲ" ಎಂದು ಕಾರು ಕೊಟ್ಟವರು ಬರೆದುಕೊಡುವ ಮಾತು ಅಷ್ಟೆ. ಆ ಮಾತಿಗೂ ಷರತ್ತುಗಳಿರುತ್ತವೆ. ಟಯರು, ಕಾರಿನ ತಳಭಾಗ, ಕಳೆದ ಕೀಲಿ ಇವನ್ನು ಹೊರಗಿಟ್ಟಿರಬಹುದು. ಕುಡಿದು ಓಡಿಸಿದರೆ, ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಕೊಟ್ಟ ಹಣ ವ್ಯರ್ಥ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದ್ದನ್ನು ನಾವು ಮರೆತಿಲ್ಲ. ಅಂಥ ನೀರಿನಲ್ಲಿ ಕಾರು ಇಳಿಸಿ ಎಂಜಿನ್ ಕೆಟ್ಟರೆ, ಅದಕ್ಕೆಂದೇ ಬೇರೆ ರಕ್ಷಣೆ ಇಲ್ಲದ ಪಾಲಿಸಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆದ್ದರಿಂದ ಬಾಯಿಮಾತು ಬೇಡ, ಓದಿ ಸಹಿ ಹಾಕಿರಿ.

3. ನಷ್ಟವನ್ನು ನಮ್ಮ ಮನೆ ತಡೆದೀತೇ?

ಒಂದು ಲೆಕ್ಕ ಹಾಕೋಣ. ದಿನಕ್ಕೆ 300 ರೂಪಾಯಿಯಂತೆ ಮೂರು ದಿನಕ್ಕೆ 900 ಆಯಿತೆನ್ನಿ. ಅದನ್ನು ಕೊಡದಿದ್ದರೆ ನಿಮ್ಮ ಹೊಣೆ 25,000ದವರೆಗೆ, ಕೊಟ್ಟರೆ 5,000ದವರೆಗೆ. ಅಂದರೆ 900 ಕೊಟ್ಟು 20,000ದ ಭಾರ ಇಳಿಸಿಕೊಳ್ಳುತ್ತೀರಿ. ಆ 25,000 ಮಗಳ ಕಾಲೇಜು ಫೀಯಿಂದಲೋ ಬಿತ್ತನೆಯ ದುಡ್ಡಿನಿಂದಲೋ ಬರಬೇಕಾದರೆ, 900 ದುಬಾರಿಯಲ್ಲ. ಸಾಲವಿಲ್ಲದೆ ಭರಿಸಬಲ್ಲಿರಾದರೆ ಬಿಟ್ಟರೂ ತಪ್ಪಿಲ್ಲ. ನಿಮ್ಮ ಹೊಣೆ ಹೇಗೂ 3,000ಕ್ಕೆ ನಿಂತಿದ್ದರೆ, 900 ಕೊಡುವುದು ದುಂದು. ಭಯವೂ ಜಿಪುಣತನವೂ ಒಳ್ಳೆಯ ಸಲಹೆಗಾರರಲ್ಲ. ತಡೆಯಲಾಗದ ನಷ್ಟಕ್ಕೆ ವಿಮೆ, ತಡೆಯಬಲ್ಲ ನಷ್ಟಕ್ಕೆ ಉಳಿತಾಯ: ಇದೇ ವಿವೇಕ.

ಹೊರಡುವ ಮುನ್ನ ಕಾರಿನ ಸುತ್ತಲೂ ಫೋಟೊ ತೆಗೆದುಕೊಳ್ಳಿ. ಹಳೆಯ ಗೀರುಗಳನ್ನು ಕರಾರಿನಲ್ಲಿ ಬರೆಸಿರಿ. ಓಡಿಸುವವರೆಲ್ಲರ ಹೆಸರು ಸೇರಿಸಿರಿ.

ಕೊನೆಯದಾಗಿ ಒಂದು ಮಾತು. ಹೆಚ್ಚುವರಿ ಹಣ ಕಾಯುವುದು ನಿಮ್ಮ ಜೇಬನ್ನು ಮಾತ್ರ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳು ರಾತ್ರಿಯೆಲ್ಲ ಸಾಗುತ್ತವೆ; ಅವುಗಳ ಪಕ್ಕದಲ್ಲಿ ಕೂಲಿಯವರು ನಡೆದಿರುತ್ತಾರೆ. "ವಿಮೆ ಇದೆ" ಎಂಬ ಧೈರ್ಯದಿಂದ ವೇಗ ಹೆಚ್ಚಿಸಿದವನು ಆ ಕೂಲಿಯವನ ಮನೆಯ ದೀಪ ಆರಿಸಿದರೆ, ಯಾವ ಪಾಲಿಸಿಯೂ ಅದನ್ನು ಮತ್ತೆ ಹಚ್ಚಲಾರದು.

ಇಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮಾತಾಡಿರಿ: ನಮ್ಮ ಮನೆ ತಡೆಯಬಲ್ಲ ನಷ್ಟ ಎಷ್ಟು? ದಾರಿಯಲ್ಲಿ ಸಿಗುವ ಅಪರಿಚಿತರ ಬಗ್ಗೆ ನಮ್ಮ ಹೊಣೆ ಏನು?