ಕ್ರಿಸ್ತಜಯಂತಿಯ ಹಣವನ್ನು ಯಾರ ಕೈಯಲ್ಲಿ ಇಡಬೇಕು?

ಓದತಕ್ಕ ಭಾಗಗಳು: 2 ಅರಸುಗಳು 12:4–15, 1 ಕೊರಿಂಥ 16:1–4, 2 ಕೊರಿಂಥ 8:16–21.



ಕ್ರಿಸ್ತಜಯಂತಿಯು ಪ್ರತಿವರುಷವೂ ಡಿಸೆಂಬರ್ 25ರಂದೇ ಬರುತ್ತದೆಂಬದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ತಿಳಿದದೆ. ಆದರೂ ಅದು ಕರೆಯದೆ ಬಂದ ಅತಿಥಿಯೋ ಎಂಬಂತೆ ನಾವು ಆ ತಿಂಗಳಲ್ಲಿ ಸಾಲಕ್ಕಾಗಿ ಓಡಾಡುತ್ತೇವೆ. ಖಾನಾಪುರ ಸೀಮೆಯಲ್ಲಿ ಭತ್ತದ ಸುಗ್ಗಿಯು ಆಗತಾನೆ ಮುಗಿದಿರುತ್ತದೆ. ಆದರೆ ಆ ಹಣವು ಗೊಬ್ಬರದ ಅಂಗಡಿಗೂ ಹಳೇ ಸಾಲಕ್ಕೂ ಹೋಗಿಬಿಡುತ್ತದೆ. ಬೆಳಗಾವಿಯ ಶಿವಬಸವ ನಗರದಲ್ಲಿ ಮನೆಗೆಲಸಕ್ಕೂ ಗೌಂಡಿ ಕೆಲಸಕ್ಕೂ ಹೋಗುವ ನಮ್ಮವರ ವಾರದ ಪಗಾರವು ವಾರದಲ್ಲಿಯೇ ತೀರುತ್ತದೆ. ಮಕ್ಕಳಿಗೆ ಹೊಸ ಅರಿವೆ ಬೇಕು, ಕರ್ಚಿಕಾಯಿಗೆ ಕೊಬ್ಬರಿ ಬೆಲ್ಲ ಬೇಕು, ಪ್ರೀತಿಭೋಜನಕ್ಕೆ ವಂತಿಗೆ ಕೊಡಬೇಕು. ಆದಕಾರಣ ವರುಷವಿಡೀ ಸ್ವಲ್ಪ ಸ್ವಲ್ಪವಾಗಿ ಕೂಡಿಸಿಡುವದು ಒಳ್ಳೇದು.

ಕೂಡಿಸುವ ಕ್ರಮವನ್ನು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಕಲಿಸಿದನು: ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನು ತನ್ನ ಸಂಪಾದನೆಗೆ ತಕ್ಕಂತೆ ಪ್ರತ್ಯೇಕಿಸಿ ಇಡಬೇಕು. ಆ ಹಣವು ಹಬ್ಬಕ್ಕಲ್ಲ, ಯೆರೂಸಲೇಮಿನ ಬಡ ದೇವಜನರಿಗಾಗಿತ್ತೆಂಬದನ್ನು ನಾವು ಮರೆಯಬಾರದು. ಆದರೂ ಕ್ರಮವು ಒಂದೇ. ರವಿವಾರಕ್ಕೆ 50 ರೂಪಾಯಿ ಇಟ್ಟರೆ 52 ವಾರಗಳಲ್ಲಿ 2,600 ರೂಪಾಯಿ ಆಗುತ್ತದೆ. ಇದರಲ್ಲಿ ಕಷ್ಟವೇನೂ ಇಲ್ಲ. ಕೂಡಿದ ಹಣವು ಡಿಸೆಂಬರಿನ ವರೆಗೆ ಎಲ್ಲಿರಬೇಕು ಎಂಬದೇ ಈ ತಿಂಗಳ ಪಾಠ.

ಖಾನಾಪುರದ ಕಡೆಯ ಒಂದು ಚಿಕ್ಕ ಸಭೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಊರನ್ನೂ ಹೆಸರನ್ನೂ ಹೇಳುವದಿಲ್ಲ. ಅಲ್ಲಿ ಹದಿನಾಲ್ಕು ಮನೆಯವರು ತಮ್ಮ ಹಬ್ಬದ ಹಣವನ್ನು ಒಬ್ಬ ಸಹೋದರನ ಕೈಯಲ್ಲಿ ಇಡುತ್ತಿದ್ದರು. ಅವನು ಪ್ರಾರ್ಥನೆಯಲ್ಲಿ ಆಸಕ್ತನು, ಕುಡುಕನಲ್ಲ, ಸುಳ್ಳುಗಾರನಲ್ಲ. ಮಳೆಗಾಲದಲ್ಲಿ ಅವನ ಮಗಳು ಬೇನೆಯಲ್ಲಿ ಬಿದ್ದಳು. ಸುಗ್ಗಿಯಲ್ಲಿ ತುಂಬಿಡುವೆನೆಂದು ಹಣದಲ್ಲಿ ಸ್ವಲ್ಪ ತೆಗೆದನು. ತರುವಾಯ ಇನ್ನೂ ಸ್ವಲ್ಪ. ಆ ವರುಷ ಸುಗ್ಗಿ ಚೆನ್ನಾಗಿ ಆಗಲಿಲ್ಲ. ಆಗಮನಕಾಲದ ಮೊದಲನೆಯ ರವಿವಾರದಂದು ಅವನು ಆರಾಧನೆಗೆ ಬರಲಿಲ್ಲ. ಎರಡು ಮನೆಯವರು ಸಿಟ್ಟಿನಿಂದ ಬರುವದನ್ನು ಬಿಟ್ಟರು. ಹಬ್ಬದ ದಿನ ಹೊಸ ಅರಿವೆ ಇಲ್ಲದ ಮಕ್ಕಳನ್ನು ತಾಯಂದಿರು ಮನೆಯಲ್ಲಿಯೇ ಇರಿಸಿಕೊಂಡರು. ನಾವು ಆ ದಿನ ಅರ್ಧ ಬರಿದಾದ ಗುಡಿಯಲ್ಲಿ ಪ್ರಸಂಗ ಮಾಡಿದೆವು. ಆ ಹಣದ ಏರ್ಪಾಡಿಗೆ ಅದೇ ವರುಷದ ಜನವರಿಯಲ್ಲಿ ಆಶೀರ್ವಾದ ಕೇಳಿ ಪ್ರಾರ್ಥಿಸಿದವರೂ ನಾವೇ. ಪುಸ್ತಕವುಂಟೋ ಎಂದು ಮಾತ್ರ ಕೇಳಿರಲಿಲ್ಲ.

ಯೆಹೋಯಾದ ಯಾಜಕನು ನಮಗಿಂತ ಬುದ್ಧಿವಂತನಾಗಿದ್ದನು. ದೇವಾಲಯದ ದುರಸ್ತಿಗೆ ಬಂದ ಹಣವು ಯಾಜಕರ ಕೈಯಲ್ಲಿದ್ದು ಅರಸನ ಆಳಿಕೆಯ ಇಪ್ಪತ್ತಮೂರನೆಯ ವರುಷದ ವರೆಗೂ ಕೆಲಸ ಆಗಿರಲಿಲ್ಲ. ಆಗ ಅವನು ಪೆಟ್ಟಿಗೆಯನ್ನು ತಂದು ಮುಚ್ಚಳದಲ್ಲಿ ತೂತು ಕೊರೆದು ಎಲ್ಲರೂ ಕಾಣುವಂತೆ ಯಜ್ಞವೇದಿಯ ಬಳಿಯಲ್ಲಿ ಇರಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಗಳಲ್ಲಿ ಕಟ್ಟುತ್ತಿದ್ದರು. ಮಹಾಯಾಜಕನಾದರೂ ಒಬ್ಬನೇ ಎಣಿಸಲಿಲ್ಲ.

ಆದರೆ ಅದೇ ಅಧ್ಯಾಯದ 15ನೆಯ ವಚನದಲ್ಲಿ ಕೆಲಸದವರಿಗೆ ಕೊಡುವವರಿಂದ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು ಎಂದಿದೆಯಲ್ಲಾ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಲ್ಲಿ ಹಣವು ಮೊದಲೇ ಇಬ್ಬರ ಕಣ್ಣೆದುರಿನಲ್ಲಿ ಎಣಿಕೆಯಾಗಿತ್ತು. ಕೂಡಲೆ ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಲ್ಲುತ್ತಿತ್ತು. ಗೋಡೆ ಏಳುವದನ್ನು ಊರೆಲ್ಲಾ ನೋಡುತ್ತಿತ್ತು. ಹನ್ನೊಂದು ತಿಂಗಳು ಒಬ್ಬನ ಟ್ರಂಕಿನಲ್ಲಿ ಮಲಗಿರುವ ಹಣಕ್ಕೆ ಅದು ಸಾಟಿಯಲ್ಲ. ಪೌಲನೂ ಸಭೆಗಳ ಹಣವನ್ನು ಒಬ್ಬಂಟಿಗನಾಗಿ ಒಯ್ಯಲೊಪ್ಪದೆ, ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಕರಕೊಂಡನು. ತನ್ನ ಮೇಲೆ ತಪ್ಪು ಹೊರಿಸುವದಕ್ಕೆ ಯಾರಿಗೂ ಆಸ್ಪದ ಇರಬಾರದೆಂಬದೇ ಅವನ ಕಾರಣ. ಅಪೊಸ್ತಲನಿಗೆ ಬೇಕಾದ ಕಾವಲು ನಮ್ಮ ಸಹೋದರನಿಗೆ ಅವಮಾನವೋ?

ಈ ಕಷ್ಟವು ಹಳ್ಳಿಯವರಿಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡ್ ದೇಶದಲ್ಲಿ ಫೇರ್‌ಪ್ಯಾಕ್ ಎಂಬ ಕಂಪನಿಯು ಬಡ ಕುಟುಂಬಗಳಿಂದ ವರುಷವಿಡೀ ಹಣ ಕೂಡಿಸಿ ಕ್ರಿಸ್ಮಸ್ಸಿಗೆ ಸಾಮಾನಿನ ಬುಟ್ಟಿಗಳನ್ನೂ ಅಂಗಡಿ ಚೀಟಿಗಳನ್ನೂ ಕೊಡುತ್ತಿತ್ತು. ಅನೇಕ ಕಡೆಗಳಲ್ಲಿ ನೆರೆಯವರೇ ಏಜೆಂಟರಾಗಿ ಹಣ ಕೂಡಿಸುತ್ತಿದ್ದರು. 2006ರ ಅಕ್ಟೋಬರಿನಲ್ಲಿ, ಹಬ್ಬಕ್ಕೆ ಎರಡೇ ತಿಂಗಳಿರುವಾಗ, ಕಂಪನಿಯು ಮುಳುಗಿತು. ಲಕ್ಷಕ್ಕಿಂತ ಹೆಚ್ಚು ಜನರ ಹಣ ಹೋಯಿತು. ನಮ್ಮ ಬೆಳಗಾವಿಯಲ್ಲಿಯೂ 2017ರಲ್ಲಿ ಒಂದು ದೊಡ್ಡ ಪತ್ತಿನ ಸಹಕಾರಿ ಸಂಘವು ಠೇವಣಿ ಹಿಂದಿರುಗಿಸದೆ ಹೋದಾಗ ಜನರು ಬೀದಿಯಲ್ಲಿ ಕೂತರು.

ಹೀಗಿರಲಾಗಿ ಹಣವನ್ನು ಕೊಡುವ ಮೊದಲು, ಕೇಳುವವನು ನಮ್ಮವನೋ ಎಂದು ನೋಡಿದರೆ ಸಾಲದು. ಇದು ಹೋದರೆ ತುಂಬಿಕೊಡುವವರು ಯಾರು ಎಂದು ಕೇಳಬೇಕು. ಬ್ಯಾಂಕು ಮುಳುಗಿದರೆ ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿಯ ವರೆಗೆ ಠೇವಣಿ ವಿಮೆ ಉಂಟು; 2020ರ ಫೆಬ್ರವರಿ 4ರ ಮೊದಲು ಅದು 1 ಲಕ್ಷ ಮಾತ್ರ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ ಇಲ್ಲ. ಲೈಸೆನ್ಸ್ ಇಲ್ಲದ ಕೆಲವು ಸಂಘಗಳು ಬ್ಯಾಂಕ್ ಎಂಬ ಮಾತನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತವೆಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಜನರನ್ನು ಎಚ್ಚರಿಸಿತು. ಸಹಕಾರವನ್ನು ನಾವು ಹೀನೈಸುವದಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘವು ರೈತರನ್ನು ಬಡ್ಡಿಸಾಲದಿಂದ ಬಿಡಿಸುವದಕ್ಕಾಗಿಯೇ ಹುಟ್ಟಿತು. ಆದರೆ ಹಬ್ಬದ ಹಣಕ್ಕೆ ವಿಮೆಯುಳ್ಳ ಸ್ಥಳವೇ ಲೇಸು.

ಭಿಶಿಯ ವಿಷಯದಲ್ಲಿ ಅಕ್ಕತಂಗಿಯರು ನಮ್ಮ ಮೇಲೆ ಬೇಸರಪಡಬಾರದು. ಹನ್ನೆರಡು ಮಂದಿ ತಿಂಗಳಿಗೆ 500ರಂತೆ ಹಾಕಿದರೆ ಫೆಬ್ರವರಿಯಲ್ಲಿ ಎತ್ತಿದವಳ ಹಣವು ಹಬ್ಬದ ವರೆಗೆ ಉಳಿಯುವದಿಲ್ಲ. ಡಿಸೆಂಬರಿನ ಸರದಿಯವಳಿಗೆ ಹಬ್ಬಕ್ಕೆ ಸರಿಯಾಗಿ ಸಿಗುತ್ತದೆ. ಆದರೆ ನಡುವೆ ಯಾರಾದರೂ ಕೈಬಿಟ್ಟರೆ ನಷ್ಟವು ಬೀಳುವದೂ ಅವಳ ಮೇಲೆಯೇ. ಮನೆಯ ಮಣ್ಣಿನ ಹುಂಡಿಯು ನಾಲ್ಕೈದು ವಾರಗಳಿಗೆ ಸಾಕು. ವರುಷಕ್ಕೆ ಸಾಲದು, ಯಾಕಂದರೆ ಹುಂಡಿ ಎಲ್ಲಿದೆಯೆಂದು ಮನೆಯ ಕುಡುಕನಿಗೂ ಗೊತ್ತು. ದಿನಗೂಲಿಯವರಿಗೆ ಪಿಗ್ಮಿ ಅನುಕೂಲ. ಅದನ್ನು 1928ರಲ್ಲಿ ಉಡುಪಿಯ ಬ್ಯಾಂಕೊಂದು ದಿನಕ್ಕೆ 2 ಆಣೆಯಂತೆ ಆರಂಭಿಸಿತು. ಈಗ ಅನೇಕ ಸಂಘಗಳೂ ಪಿಗ್ಮಿ ಎತ್ತುತ್ತವಾದ್ದರಿಂದ, ಬಾಗಲಿಗೆ ಬಂದವನು ಯಾವ ಬ್ಯಾಂಕಿನವನೆಂದು ಕೇಳಿರಿ. ಪಾವತಿ ಕೊಡದಿದ್ದರೆ ಹಣವನ್ನು ಕೊಡಬೇಡಿರಿ.

ತಿಂಗಳ ಪಗಾರದವರಿಗೆ ಬ್ಯಾಂಕಿನ ಆರ್.ಡಿ. ಖಾತೆಯು ತಕ್ಕದ್ದು. ಈ ಡಿಸೆಂಬರಿನ ಮೊದಲ ವಾರದಲ್ಲಿ 12 ತಿಂಗಳಿಗೆಂದು ತೆರೆದರೆ ಬರುವ ಡಿಸೆಂಬರಿನ ಮೊದಲ ವಾರದಲ್ಲಿ ಕೈಗೆ ಬರುತ್ತದೆ. ತಿಂಗಳಿಗೆ 500ರಂತೆ 6,000 ಅಸಲು. ನೂರಕ್ಕೆ 6ರ ಬಡ್ಡಿಯಾದರೆ ಸುಮಾರು 200 ರೂಪಾಯಿ ಹೆಚ್ಚು. ಅಂಚೆ ಕಚೇರಿಯ ಆರ್.ಡಿ. 5 ವರುಷದ್ದು, ಹಬ್ಬಕ್ಕೆ ಹೊಂದದು. ಅಲ್ಲಿನ ಉಳಿತಾಯ ಖಾತೆಯು ಭದ್ರವೇ, ಬೇಕಾದಾಗ ತೆಗೆಯಬಹುದು. ಬಡವರ ಚಿಲ್ಲರೆ ಹಣಕ್ಕೆ ಬ್ಯಾಂಕೇ ಎಂದು ನಾಚಬೇಡಿರಿ. ಹೆನ್ರಿ ಡಂಕನ್ ಎಂಬ ಹಳ್ಳಿಯ ಸಭಾಪಾಲಕನು 1810ರಲ್ಲಿ ಸ್ಕಾಟ್ಲೆಂಡಿನ ರತ್‌ವೆಲ್ ಊರಿನಲ್ಲಿ ಉಳಿತಾಯ ಬ್ಯಾಂಕನ್ನು ತೆರೆದದ್ದು ಅಂಥವರಿಗಾಗಿಯೇ.

ನಾವು ಹೇಳಿದ ಆ ಸಭೆಯಲ್ಲಿ ಈಗ ಗುಡಿಯೊಳಗೆ ಎರಡು ಬೀಗದ ಪೆಟ್ಟಿಗೆಯುಂಟು. ಆರಾಧನೆಯ ತರುವಾಯ ಇಬ್ಬರು ಎಣಿಸುತ್ತಾರೆ, ಮೂರನೆಯವರು ಬರೆಯುತ್ತಾರೆ, ಸೋಮವಾರ ಖಾನಾಪುರದ ಬ್ಯಾಂಕಿನಲ್ಲಿ ಜೋಡಿ ಸಹಿಯ ಖಾತೆಗೆ ತುಂಬುತ್ತಾರೆ. ಆ ಸಹೋದರನು ಮೂರು ವರುಷಗಳಲ್ಲಿ ಹನ್ನೆರಡು ಮನೆಗಳ ಹಣವನ್ನು ತೀರಿಸಿದ್ದಾನೆ. ಎರಡು ಬಾಕಿ ಇವೆ. ಅವನಿಗೆ ಒಂದು ಬೀಗದ ಕೈ ಕೊಡೋಣವೋ ಎಂದು ಸಭೆಯಲ್ಲಿ ಮಾತು ಬಂದಾಗ, ಬಾಕಿ ಬರಬೇಕಾದ ಮುದುಕಿಯೊಬ್ಬಳು ಎದ್ದು, ನಾನು ಅವನನ್ನು ಕ್ಷಮಿಸಿ ಬಹಳ ದಿವಸವಾಯಿತು, ಕೀಲಿಕೈ ಮಾತ್ರ ಕೊಡಬೇಡಿರಿ, ಪಾಪ, ಅವನಿಗೆ ಇನ್ನೊಬ್ಬ ಮಗಳಿದ್ದಾಳೆ ಎಂದಳು. ಈಗ ಅವನು ಪುಸ್ತಕ ಬರೆಯುತ್ತಾನೆ.